ತೂಗುವ ಮುಂಚೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂಬಾಗಿಲಲ್ಲಿ
ಬಾಳೆಲೆಯವನಿಗೂ ಬಳೆಯವಳಿಗೂ ನಡುವೆ
ಮೂರು ಮೊಳ ಗೋಣಿತಾಟು ನನ್ನದು.
ಇಪ್ಪತ್ತೆರಡು ವರ್ಷ ಇದರ ಮೇಲೆ ಕೂತು
ಹಾಸನದ ಕೆಮ್ಮು ಕೇಳಿಸಿಕೊಂಡಿದ್ದೇನೆ.

ಕಫದ ಕೆಮ್ಮಿಗೆ ಆಡುಸೋಗೆ, ಎರಡೆಲೆ, ಮೂರಲ್ಲ.
ಶೀತಕ್ಕೆ ದೊಡ್ಡಪತ್ರೆ, ಕೆಂಡದಲ್ಲಿ ಬಾಡಿಸಿ ಹಿಂಡಿದ ರಸ.
ಮೈಕೈ ನೋವಿಗೆ ಲಕ್ಕಿಸೊಪ್ಪು ಕುದಿಸಿದ ನೀರು, ಮೀಯೋಕೆ.
ಕುಡಿಯೋಕಲ್ಲ ಕಣಪ್ಪ, ಮೀಯೋಕೆ.
ಅತ್ತೆ ಹೇಳಿಕೊಟ್ಟಿದ್ದು ಇಷ್ಟು.
ಅವಳು ಹೇಳದೆ ಹೋದದ್ದನ್ನು
ಗಿರಾಕಿಗಳು ಕಲಿಸಿದರು.

ಮಂಗಳವಾರ ಬಡಗಿ ಶಾಂತಾಚಾರಿ ಬರುತ್ತಿದ್ದ,
ಕಿವಿಯ ಸಂದಿನಲ್ಲಿ ಪೆನ್ಸಿಲ್ಲು.
ಅಮೃತಬಳ್ಳಿ, ಒಂದು ಕಟ್ಟು.
ಮೊದಲು ಜ್ವರಕ್ಕೆ ಅಂದ. ಜ್ವರ ಬಿಟ್ಟಿತು,
ಬಳ್ಳಿ ಬಿಡಲಿಲ್ಲ.
ಆಮೇಲೆ ರಕ್ತಶುದ್ಧಿಗೆ. ಆಮೇಲೆ ಸುಮ್ಮನೆ.
ಒಂದು ಕಟ್ಟು ಎರಡಾಯಿತು.
'ಸೊಪ್ಪುಸದೆ ತಾನೆ ಪುಟ್ಟೀರಕ್ಕ, ಏನು ಮಾಡೀತು?'
ನಾನೂ ಅಂದೆ, ಏನು ಮಾಡೀತು.
ಕಾಸು ಎಣಿಸಿಕೊಂಡೆ.

ಆಷಾಢದಲ್ಲಿ ಅವನ ಹೆಂಡತಿ ಬಂದಳು,
ಕೈಯಲ್ಲಿ ಚೀಲವಿಲ್ಲ.
'ಕಣ್ಣು ಅರಿಸಿನ ಆಗಿದೆ, ಉಗುರೂ.
ದೊಡ್ಡಾಸ್ಪತ್ರೆ, ಮೂರನೇ ಮಹಡಿ.'
ನನ್ನ ಕೈ ತಾನಾಗಿ ನೆಲನೆಲ್ಲಿಯ ಕಡೆ ಹೋಯಿತು.
ಕಾಮಾಲೆ ಅಂದರೆ ನೆಲನೆಲ್ಲಿ, ಬೆರಳಿಗೆ ಬಾಯಿಪಾಠ.
ಅವಳು ಆ ಕೈಯನ್ನೇ ನೋಡಿದಳು.
ಬೈಯಲಿಲ್ಲ.
ಬೈದಿದ್ದರೆ ಮರೆಯುತ್ತಿದ್ದೆನೇನೋ.

ನೋಡಲು ಹೋದೆ. ಡಾಕ್ಟರು ಚಿಕ್ಕ ಹುಡುಗಿ.
ಬಳ್ಳಿ ತರಿಸಿ, ಕಡ್ಡಿ ಮುರಿದು, ಮೂಸಿದಳು.
'ಇದರಿಂದಲೇ ಅನ್ನಲಾರೆ. ಅಲ್ಲ ಅಂತಲೂ ಅನ್ನಲಾರೆ.
ಕೆಲವರ ಲಿವರ್ರಿಗೆ ಇದು ಒಗ್ಗೋದಿಲ್ಲ.
ಯಾರಿಗೆ ಅಂತ ಮೊದಲೇ ಗೊತ್ತಾಗೋದಿಲ್ಲ.
ನಿಲ್ಲಿಸಿದ್ದೀವಿ. ನೋಡೋಣ.'
ಅಷ್ಟು ಓದಿದವಳು 'ನೋಡೋಣ' ಅಂದಳು.
ಓದದ ನಾನು
ಆ ಮಾತು ಎಂದೂ ಆಡಿದವಳಲ್ಲ.

ಈಗ ತಕ್ಕಡಿ ಎತ್ತುವ ಮುಂಚೆ ಕೇಳುತ್ತೇನೆ.
ಯಾರಿಗೆ? ಎಷ್ಟು ದಿನದಿಂದ?
ಬಸುರಿಯೇ? ಸಕ್ಕರೆ ಮಾತ್ರೆ ಉಂಟೇ?
ಎದೆ ಆಪರೇಷನ್ ಆಗಿ ರಕ್ತ ತೆಳುವಾಗಿಸುವ ಮಾತ್ರೆ?
ಬಿ.ಪಿ. ಇದ್ದವರಿಗೆ ಅತಿಮಧುರ ಕೊಡುವುದಿಲ್ಲ,
ಅದರ ಸಿಹಿ ನಂಬುವಂಥದ್ದಲ್ಲ.
ಬಜೆ ಕೇಳಿ ಬಂದ ಬಾಣಂತಿಗೆ
ಕೂಸಿನ ನಾಲಿಗೆಗೆ ತೇಯಬೇಡ ಮಗಳೇ,
ಜೇನಂತೂ ವರ್ಷ ತುಂಬುವ ತನಕ ಬೇಡ ಅಂದೆ.
ಅವಳ ಅತ್ತೆ ನನ್ನನ್ನು ನೋಡಿದ ನೋಟಕ್ಕೆ
ನನ್ನ ತಾಟಿನ ಮೇಲೆ ಯಾವ ಸೊಪ್ಪೂ ಇಲ್ಲ.

ಬಳೆಯವಳು ನಗುತ್ತಾಳೆ: 'ನೀನೇನು ವ್ಯಾಪಾರಕ್ಕೆ ಕೂತಿದ್ದೀಯೋ,
ಕೋರ್ಟು ನಡೆಸೋಕೆ ಕೂತಿದ್ದೀಯೋ?'
ಸಂಜೆಗೆ ಬುಟ್ಟಿಯಲ್ಲಿ ಅರ್ಧ ಬಾಡಿರುತ್ತದೆ.
ಹೊತ್ತುಕೊಂಡು ಹೋಗುತ್ತೇನೆ.

ಆಚಾರಿ ಬಹಳ ದಿನ
ಪಕ್ಕದಲ್ಲಿ ಬಾಳೆಲೆ ಕೊಂಡು ಹಾಗೇ ಹೋಗುತ್ತಿದ್ದ.
ಮೊನ್ನೆ ನಿಂತ. ಕಿವಿಯಲ್ಲಿ ಪೆನ್ಸಿಲ್ಲು.
ದೊಡ್ಡಪತ್ರೆ, ಮೊಮ್ಮಗಳ ಮೂಗು ಕಟ್ಟಿದೆ ಅಂದ.
ವಯಸ್ಸೆಷ್ಟು? ಆರು.
ಉಸಿರು ಎಳೆಯುತ್ತಾಳಾ? ಇಲ್ಲ.
ಬೇರೆ ಮಾತ್ರೆ? ಇಲ್ಲ.
ಮೂರು ದಿನಕ್ಕೆ ಬಿಡದಿದ್ದರೆ? ಆಸ್ಪತ್ರೆ.
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ನಿಂತಿದ್ದ.

ತೂಗಿದೆ.
ಕೊಸರು ಹಾಕಲಿಲ್ಲ.
ಅವನೂ ಕೇಳಲಿಲ್ಲ.