ನಾಲ್ಕು ಬೆರಳು ಜಾಗ

ಕುಂಬಳೆ ದಾರಿಯ ಗ್ಯಾಸ್ ಸ್ಥಾವರದ ಗೇಟಿಗೆ
ಇದು ನಾನು ಬರೆಯುವ ನಾಲ್ಕನೇ ಹೆಸರು.
ಮೊದಲು ಮಲಯಾಳ, ಆಮೇಲೆ ಇಂಗ್ಲಿಷು,
ಜಾಗ ಉಳಿದರೆ ಕನ್ನಡ.
ಉಳಿಯಲೆಂದು ನಾನೇ ಮೇಲಿನಕ್ಷರ ಸಣ್ಣ ಮಾಡುತ್ತೇನೆ.

ಹಳೆ ಬಣ್ಣ ಕೆರೆಯುವುದಿಲ್ಲ.
ಬಳಿದು ಬಳಿದು ತಗಡೇ ದಪ್ಪವಾಗಿದೆ;
ಸಂಜೆ ಬಿಸಿಲು ಓರೆ ಬಿದ್ದರೆ
ಮುಂಬಯಿ ಕಂಪನಿಯ ಹೊಟ್ಟೆಯೊಳಗಿಂದ
ಸರಕಾರದ ಕಾಲದ ‘ವಿ’ ಉಬ್ಬಿ ಕಾಣುತ್ತದೆ.

ಟರ್ಬೈನಿನ ಸಂಕಪ್ಪ ಬೆಳ್ಚಪ್ಪಾಡರು ಒಮ್ಮೆ ಹೇಳಿದ್ದರು:
ಗ್ಯಾಸು ಉರಿದು ಒಂದು ಚಕ್ರ ತಿರುಗಿಸುತ್ತದೆ,
ಹೊಗೆಯ ಬಿಸಿಯನ್ನೂ ಬಿಡುವುದಿಲ್ಲ ಮಾರಾಯ,
ನೀರು ಕುದಿಸಿ ಇನ್ನೊಂದು ತಿರುಗಿಸುತ್ತೇವೆ.
ನಿನ್ನಮ್ಮ ಗಂಜಿ ಇಳಿಸಿ
ಅದೇ ಕೆಂಡದಲ್ಲಿ ಬಂಗುಡೆ ಸುಟ್ಟ ಹಾಗೆ.

ದರ ಏರಿ, ಹತ್ತು ತಿಂಗಳಿಂದ ಎರಡೂ ತಣ್ಣಗೆ.
ನಿಂತದ್ದನ್ನು ಕೊಂಡವರು ಯಾರು?
ವಾಚ್‌ಮನ್ ಮೊಯ್ದುವಿಗೂ ಗೊತ್ತಿಲ್ಲ,
ಅವನಿಗೆ ಬಂದದ್ದು ಹೊಸ ಟೋಪಿ ಮಾತ್ರ.

ಈ ಸಲದ ಚೀಟಿಯಲ್ಲಿ ಕನ್ನಡದ ಸಾಲಿಲ್ಲ.
ಫೋನು ಮಾಡಿ ಕೇಳಿದೆ.
‘ದೇಖೇಂಗೆ’ ಎಂದಿತೊಂದು ದನಿ,
ಯಾವ ಊರಿನದೋ.

ತಗಡಿನ ತಳದಲ್ಲಿ ನಾಲ್ಕು ಬೆರಳು ಖಾಲಿ ಬಿಟ್ಟು
ಏಣಿಯಿಂದ ಇಳಿದೆ.
ಡಬ್ಬಿಯಲ್ಲಿ ಬಣ್ಣ
ಇನ್ನೂ ಸ್ವಲ್ಪ ಉಳಿದಿದೆ.