ವರ್ಷಕ್ಕೆ ಎಷ್ಟು ಮೈಲಿ

ವರ್ಷಕ್ಕೆ ಎಷ್ಟು ಮೈಲಿ ಓಡಿಸ್ತೀರಿ, ಅಂತ ಕೇಳಿದ ಕರ್ಟಿಸ್
ಪೆನ್ನಿನ ತುದಿಯನ್ನು ಮೂರು ಚೌಕಗಳ ಮೇಲೆ ಆಡಿಸುತ್ತ:
ಹತ್ತು ಸಾವಿರ, ಹನ್ನೆರಡು, ಹದಿನೈದು.
ಅವನ ಟೈ ಮೇಲೆ ಸಾಸಿವೆಯ ಒಂದು ಕಲೆ.
ಗಾಜಿನಾಚೆ ಸಾಗಿನಾ ಊರಿನ ಫೆಬ್ರವರಿ
ರಸ್ತೆಗೆ ಸುರಿದ ಉಪ್ಪನ್ನು ನೆಕ್ಕುತ್ತಿತ್ತು.

ನಾನು ಬರ್ನಡೆಟ್ ಕಡೆ ನೋಡಿದೆ.
ಬರ್ನಡೆಟ್ ಕಾಫಿ ಯಂತ್ರದ ಕಡೆ ನೋಡಿದಳು.

ಅಲ್ಲಿಯವರೆಗೆ ಎಲ್ಲ ಸಲೀಸು.
ನಮ್ಮ ಹಳೇ ವ್ಯಾನು ಗ್ಯಾಲನ್ನಿಗೆ ಹದಿನೇಳು ಕೊಡುತ್ತದೆ,
ಅದೂ ಗಾಳಿ ಬೆನ್ನಿಗಿದ್ದರೆ;
ಇದು ಐವತ್ತು. ಕೊಸರಾಡದೆ ಐವತ್ತು.
ನೋರಾ ಬೆಲ್ಟುಗಳನ್ನೆಲ್ಲ ಒಂದೊಂದಾಗಿ ಟಕ್ಕೆನಿಸಿ ಎಣಿಸಿದಳು: ಐದು.
ನಾವಿರುವುದು ಮೂರು.
ಕೆಂಪು ದೀಪಕ್ಕೆ ನಿಂತಾಗ ಎಂಜಿನ್ ತಣ್ಣಗೆ ಸುಮ್ಮನಾಯಿತು.
ಸತ್ತುಹೋಯ್ತಾ ಅಪ್ಪ?
ಇಲ್ಲ ಮಗಳೇ, ಉಳಿಸ್ತಾ ಇದೆ.

ಆ ನಿಶ್ಶಬ್ದಕ್ಕೆ ನಾನು ಬೆಚ್ಚಿದ್ದು ಬೇರೆ ಕಾರಣಕ್ಕೆ.
ತಿಂಗಳಿಗೊಂದು ಭಾನುವಾರ, ಮ್ಯಾಕಿನಾ ಸೇತುವೆಯಾಚೆಯ ಜೈಲಿಂದ ಮರಳುವಾಗ
ಬರ್ನಡೆಟ್ ತುಟಿ ಬಿಚ್ಚುವುದಿಲ್ಲ, ಮುನ್ನೂರು ಮೈಲಿ.
ವ್ಯಾನಿನ ಗುರುಗುರು ಅವಳ ಪರವಾಗಿ ಮಾತಾಡುತ್ತಿರುತ್ತದೆ.
ಈ ಕಾರಿನಲ್ಲಿ
ಅವಳು ಸುಮ್ಮನಿರುವುದು ಕೇಳಿಸಿಬಿಟ್ಟರೆ?

ಭೋಗ್ಯ ಮೂರು ವರ್ಷ, ಎಂದ ಕರ್ಟಿಸ್.
ಗೀರಿಲ್ಲದೆ ತಿರುಗಿ ಒಪ್ಪಿಸಬೇಕು.

ಲೀಲ್ಯಾಂಡನಿಗೂ ಮೂರೇ ಉಳಿದಿದೆ,
ಪೆರೋಲ್ ಮಂಡಳಿ ಜೂನಿನಲ್ಲಿ ಹ್ಞೂಂ ಅನ್ನದಿದ್ದರೆ.
ಅನ್ನಬಹುದು. ಒಳಗೆ ಬೆಸುಗೆ ಕೆಲಸ ಕಲಿತಿದ್ದಾನೆ;
ಸರ್ಟಿಫಿಕೇಟಿನ ನಕಲು ನಮ್ಮ ಫ್ರಿಜ್ಜಿನ ಮೇಲಿದೆ,
ಹಲ್ಲಿನ ಡಾಕ್ಟರ ತಾರೀಖಿನ ಪಕ್ಕ.

ಮನಸ್ಸಿನಲ್ಲೇ ಗುಣಿಸಿದೆ. ಹೋಗಿಬರಲು ಆರುನೂರು,
ಹನ್ನೆರಡು ಸಲ, ಏಳು ಸಾವಿರದ ಇನ್ನೂರು.
ನನ್ನ ಗೋದಾಮು, ಅವಳ ಆಸ್ಪತ್ರೆಯ ಅಡುಗೆಮನೆ, ನೋರಾಳ ಈಜು
ಎಲ್ಲ ಸೇರಿ ಏಳೂವರೆ.
ಅವನು ಬಂದರೆ ಹತ್ತು ಸಾಕು, ಬರದಿದ್ದರೆ ಹದಿನೈದು.
ಎರಡರ ನಡುವೆ ತಿಂಗಳಿಗೆ ಇಪ್ಪತ್ತೆರಡು ಡಾಲರು.

ಅಗ್ಗದ ಚೌಕಕ್ಕೆ ಗುರುತು ಹಾಕಿದರೆ ಅದೊಂದು ಹರಕೆ.
ದೊಡ್ಡದಕ್ಕೆ ಹಾಕಿದರೆ, ನಿನ್ನ ತಮ್ಮ ಬರುವುದಿಲ್ಲವೆಂದು
ಅವಳ ಕಣ್ಣೆದುರೇ ನಾನು ಸಹಿ ಹಾಕಿದ ಹಾಗೆ.

ಮಿಕ್ಕ ಮೈಲಿಗೆ ದುಡ್ಡು ವಾಪಸ್ ಕೊಡ್ತೀರಾ?
ಇಲ್ಲ ಸಾರ್. ಮಿಕ್ಕಿದ್ದು ಮಿಕ್ಕಿತು.
ಮೀರಿದರೆ ಮಾತ್ರ, ಮೈಲಿಗೆ ಇಪ್ಪತ್ತೈದು ಸೆಂಟು.

ಹನ್ನೆರಡು ಹಾಕಲಾ, ಅಂದೆ, ಹೇಡಿಯ ಹಾಗೆ.

ಬರ್ನಡೆಟ್ ಕಾಗದದ ಲೋಟ ಕೆಳಗಿಟ್ಟಳು.
ಹದಿನೈದು ಬರಿ.
ನನ್ನ ಮುಖ ನೋಡಿ ನಕ್ಕೇಬಿಟ್ಟಳು, ಎಷ್ಟೋ ದಿನಗಳ ಮೇಲೆ:
ದಡ್ಡ, ಬಂದ ಅಂತಲೇ ಇಟ್ಟುಕೋ.
ಕುಡಿದು ಓಡಿಸಿ ಯಾರದೋ ಮಗನ ಕಾಲು ತೆಗೆದವನಿಗೆ
ಲೈಸೆನ್ಸ್ ಯಾರು ಕೊಡ್ತಾರೆ?
ಕೆಲಸ ಬೇ ಸಿಟಿಯಲ್ಲಿ ಸಿಗುತ್ತೋ, ಫ್ಲಿಂಟಲ್ಲೋ,
ಬೆಳಿಗ್ಗೆ ಬಿಡೋರು ಯಾರು, ಸಂಜೆ ಕರೆತರೋರು ಯಾರು?
ಪೆರೋಲ್ ಆಫೀಸಿಗೆ? ಕುಡಿತ ಬಿಟ್ಟವರ ಸಭೆಗೆ?
ಬಂದರೂ ಹದಿನೈದೇ ಕಣೋ. ಸಾಲದೇ ಹೋದೀತು.

ಕರ್ಟಿಸ್ ಕಿವಿ ಕೇಳದವನ ಹಾಗೆ
ಟೈ ಮೇಲಿನ ಕಲೆಯನ್ನು ಉಗುರಲ್ಲಿ ಕೆರೆಯುತ್ತಿದ್ದ.
ಈ ದರ ಶನಿವಾರದವರೆಗೆ, ಎಂದ.

ಕಾಗದ ಮಡಚಿಕೊಂಡು ವ್ಯಾನಿಗೆ ಬಂದೆವು.
ಮೂರನೇ ಸಲಕ್ಕೆ ಕೆಮ್ಮಿ ಎದ್ದಿತು.
ಹೊಸದರಲ್ಲಿ ಎರಡೂ ಕಿಟಕಿ ನಂದೇ, ಎಂದಳು ನೋರಾ ಹಿಂದಿನಿಂದ,
ಮಾವ ಮಧ್ಯದಲ್ಲಿ.
ಆಗಲಿ, ಎಂದಳು ಬರ್ನಡೆಟ್.

ಆರಡಿ ಮೂರಂಗುಲದ ಆಳು,
ಮೊಣಕಾಲು ಎಲ್ಲಿಟ್ಟುಕೊಳ್ಳುತ್ತಾನೋ,
ನಾನು ಅದೊಂದನ್ನು ಅಳೆದು ನೋಡಿರಲಿಲ್ಲ.