ಹನ್ನೊಂದನೇ ಕೋಲು

ಸಾಂತೂರಿನ ಸಿಸಿಲಿಯಾಬಾಯಿಯ ಬಾವಿಗೆ
ಪಗ್ಗು ತಿಂಗಳ ಒಂದು ರಾತ್ರಿ ಚಿರತೆ ಬಿತ್ತು.
ಹಂದಿಯೂ ಬಿತ್ತು.
ಯಾರು ಯಾರನ್ನು ಓಡಿಸಿಕೊಂಡು ಬಂದದ್ದೆಂದು
ನಾಯಿಗೆ ಮಾತ್ರ ಗೊತ್ತು. ಅದು
ಸೌದೆಕೊಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ.

ಬೆಳಗಾಗುವಾಗ ಬಾವಿಯ ಸುತ್ತ ಊರಿಡೀ ಇತ್ತು.
ಮೀನಿನ ಇಸುಬು ಸ್ಕೂಟರಿಗೆ ಸ್ಟ್ಯಾಂಡು ಹಾಕಿ
ಬೂತಾಯಿಯ ಐಸು ಕರಗುವುದನ್ನೂ ಮರೆತು
ಹಂದಿಯೇ ಅಂದ. ಅದರ ಕೋರೆ ನೋಡಿ ಮಾರಾಯ್ರೆ,
ಅಡಿಯಿಂದ ಒಂದು ಎತ್ತು ಎತ್ತಿದರೆ
ಚಿರತೆಯ ಹೊಟ್ಟೆ ಹಣ್ಣು ಹಲಸಿನ ಹಾಗೆ ಬಿಚ್ಚುತ್ತದೆ.

ಲಿಗೋರಿ ಮಾಸ್ಟ್ರು ನಕ್ಕರು.
ರಿಟೈರಾಗಿ ಹತ್ತು ವರ್ಷ, ಈಗಲೂ ಬೆರಳೆತ್ತಿದರೆ
ತುದಿಯಲ್ಲಿ ಸೀಮೆಸುಣ್ಣ ಕಾಣುತ್ತದೆ.
ಕುತ್ತಿಗೆ ಸಿಕ್ಕಿದರೆ ಲೆಕ್ಕ ಮುಗಿಯಿತು ಇಸುಬು, ಅಂದರು.
ಹಂದಿಗೆ ಕುತ್ತಿಗೆ ಎಲ್ಲಿ ಉಂಟು ಮಾಸ್ಟ್ರೆ, ಅಂದ ಇಸುಬು.

ನೂರು ರೂಪಾಯಿ. ಇನ್ನೂರು. ಯಾರೋ ಒಂದು ಹುಂಜ ಕಟ್ಟಿದ.
ಅಂಕದ ಕೋಳಿಯ ಕಾಲಿಗೆ ಬಾಳು ಕಟ್ಟುವ ದೂಜ
ಬೀಡಿ ಹಚ್ಚದೆ ಹಿಡಿದುಕೊಂಡೇ ಹೇಳಿದ:
ಗೆಲ್ಲುವುದು ಯಾವತ್ತೂ ಕೋಳಿಯಲ್ಲ, ಬಾಳು.
ಇಲ್ಲಿ ಕಟ್ಟುವವನೇ ಇಲ್ಲವಲ್ಲ.

ನನ್ನ ನೀರಿನ ಕತೆ ಏನು, ಎಂದು
ಸಿಸಿಲಿಯಾಬಾಯಿ ನಾಲ್ಕು ಸಲ ಕೇಳಿದಳು.
ಮಲ್ಲಿಗೆ ಗಿಡಗಳು ಬಾಯಾರಿ ನಿಂತಿದ್ದವು.

ನಾನು ಬಗ್ಗಿ ನೋಡಿದ್ದು ಮೆಟ್ಟನ್ನು.
ಈ ಬಾವಿ ತೋಡಿದವರು ನಾನು ಮತ್ತು ನನ್ನ ತಮ್ಮ ಬೊಗ್ರ.
ಹತ್ತು ಕೋಲಿನವರೆಗೆ ಮುರಕಲ್ಲು, ಬೆಲ್ಲದ ಅಚ್ಚಿನ ಹಾಗೆ ಬಂತು.
ಹನ್ನೊಂದರಲ್ಲಿ ಪಾದೆ. ಪಿಕ್ಕಾಸಿನ ಹಿಡಿ ಮುರಿಯಿತು.
ಮುರಿದದ್ದು ನೀನು ಅಂದೆ. ನೀನು ಅಂದ.
ಅವನ ಕೈಯಲ್ಲಿ ಹಾರೆ, ನನ್ನ ಕೈಯಲ್ಲಿ ಹಿಡಿಯಿಲ್ಲದ ಕಬ್ಬಿಣ.
ಆದರೆ ಆ ಅಗಲದಲ್ಲಿ ಹಾರೆ ಬೀಸಬೇಕಾದರೆ
ಎದುರಿನವ ಮೊದಲು ಸ್ವಲ್ಪ ಆಚೆ ಸರಿಯಬೇಕು.
ಎಲ್ಲಿಗೆ ಸರಿಯುವುದು?
ಕೊನೆಗೆ ಪಾದೆಯ ಮೇಲೆ ಒಂದು ಮೆಟ್ಟು ಕಡಿದು
ಬೆನ್ನಿಗೆ ಬೆನ್ನು ಕೊಟ್ಟು ಕೂತು
ಒಂದೇ ವೀಳ್ಯದೆಲೆ ಹರಿದು ತಿಂದೆವು.
ಜಗಳ ಆದದ್ದು ಮೇಲೆ ಬಂದ ಮೇಲೆ.
ಮೇಲೆ ಜಾಗ ಬೇಕಾದಷ್ಟಿತ್ತು.
ಹತ್ತೊಂಬತ್ತು ವರ್ಷವಾಯಿತು, ಮಾತಿಲ್ಲ.

ಅದೇ ಮೆಟ್ಟಿನ ಮೇಲೆ ಚಿರತೆ, ನೆನೆದ ಗೋಣಿಚೀಲದಂತೆ.
ಅದರ ಕೆಳಗೆ ಹೊಟ್ಟೆಮಟ್ಟ ನೀರಿನಲ್ಲಿ ಹಂದಿ.
ಚಿರತೆಯ ಬಾಲ ಇಳಿದು ಹಂದಿಯ ಬೆನ್ನಿನ ಮೇಲೆ ಬಿದ್ದಿತ್ತು.
ಎರಡೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.
ಹುಡುಗನೊಬ್ಬ ಕಲ್ಲು ಹಾಕಿದ, ಕಾದಲಿ ಎಂದು.
ಎರಡೂ ಒಟ್ಟಿಗೆ ತಲೆಯೆತ್ತಿ
ನಮ್ಮನ್ನು ನೋಡಿದವು.

ಫಾರೆಸ್ಟಿನವರು ಕಾರ್ಕಳದಿಂದ ಬರುವಾಗ ಮಧ್ಯಾಹ್ನ.
ಅಡಿಕೆಮರದ ಏಣಿ ಇಳಿಸಿ ಎಲ್ಲರನ್ನೂ ದೂರ ಅಟ್ಟಿದರು.
ಚಿರತೆ ಮೂರು ನೆಗೆತಕ್ಕೆ ಮೇಲೆ ಬಂದು
ಒಂದು ಮಲ್ಲಿಗೆ ಗಿಡ ಮುರಿದು ಹೋಯಿತು.
ಬಲೆಯಲ್ಲಿ ಎತ್ತಿದ ಹಂದಿ ಗೇರುಗುಡ್ಡೆ ಹತ್ತಿತು,
ಹಿಂದೆ ತಿರುಗದೆ.

ಮೊದಲು ಬಂದದ್ದು ಚಿರತೆ, ದುಡ್ಡು ತೆಗಿ, ಎಂದರು ಮಾಸ್ಟ್ರು.
ಹೆದರಿದವ ಮೊದಲು ಓಡುವುದು, ಎಂದ ಇಸುಬು.
ಬೂತಾಯಿ ಆಗಲೇ ನಾರತೊಡಗಿತ್ತು.

ಬಾವಿಯ ಆಚೆ ಬದಿಯಲ್ಲಿ ಬೊಗ್ರ ನಿಂತಿದ್ದ, ತಲೆ ನರೆತಿದೆ.
ಬಗ್ಗಿ ಹೇಳಿದ: ಮೆಟ್ಟು ಗಟ್ಟಿ ಉಂಟು.
ನನಗಲ್ಲ, ಬಾವಿಗೆ.
ಬಾವಿ ಅದನ್ನು ನನಗೆ ಹೇಳಿತು.

ನಾಳೆ ನೀರು ಖಾಲಿ ಮಾಡಿ ಕೆಸರು ತೆಗೆಯಬೇಕಂತೆ.
ಸಿಸಿಲಿಯಾಬಾಯಿ ಇಬ್ಬರಿಗೂ ಹೇಳಿಕಳಿಸಿದ್ದಾಳೆ.
ಆ ಕೆಲಸಕ್ಕೆ ಎರಡು ಜನ ಬೇಕು:
ಒಬ್ಬ ಕೆಳಗೆ, ಒಬ್ಬ ಹಗ್ಗ ಹಿಡಿಯಲು.

ಯಾರು ಇಳಿಯುವುದೆಂದು
ಇನ್ನೂ ತೀರ್ಮಾನವಾಗಿಲ್ಲ.